ಕುರ್ಚಿ ಬಿಟ್ಟೇಳದ ದೊಡ್ಡಕ್ಕ

ಆಂಬುಲೆನ್ಸ್ ಕರೆ ಕೇಂದ್ರದ ಆ ಕೋಣೆಯಲ್ಲಿ ಆರು ಮೇಜು, ಆರು ಫೋನು. ಬಾಗಿಲ ಪಕ್ಕದ ಮೇಜು ದೊಡ್ಡಕ್ಕನದು. ಹತ್ತೊಂಬತ್ತು ವರ್ಷದ ಸರ್ವಿಸು. ಮೇಲಧಿಕಾರಿಯೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಪಾಳಿಗೆ ಬಂದು ಕೂತಳೆಂದರೆ ಮುಗಿಯಿತು, ಎಂಟು ಗಂಟೆ ಅಲ್ಲಾಡುವವಳಲ್ಲ. ಬಾತ್‌ರೂಮಿಗೆ ಏಳಬೇಕಾದೀತೆಂದು ನೀರನ್ನೂ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಬೆನ್ನು ಮಾತ್ರ ಕೋಲಿನಂತೆ ನೆಟ್ಟಗೆ. ನೆಟ್ಟಗೆ ಕೂತವರ ಬೆನ್ನಿಗೆ ಏನೂ ಆಗುವುದಿಲ್ಲ ಎಂದು ಅವಳ ನಂಬಿಕೆ. ಕಂಬವೂ ನೆಟ್ಟಗಿರುತ್ತದೆ, ಆದರೆ ಕಂಬಕ್ಕೆ ಸೊಂಟವಿಲ್ಲ ಎಂದು ಅವಳಿಗೆ ಹೇಳುವವರಾರು?

ಅದು ಹಟವಲ್ಲ, ಭಯ. ಏಳು ವರ್ಷದ ಹಿಂದೆ ಒಮ್ಮೆ ಮೈ ಮುರಿಯಲೆಂದು ಎದ್ದು ಕಿಟಕಿಯವರೆಗೆ ಹೋಗಿದ್ದಳು. ಆಗ ಇದ್ದದ್ದು ಎರಡೇ ಫೋನು, ಇನ್ನೊಂದರಲ್ಲಿ ಮಾತು ನಡೆದಿತ್ತು. ಇವಳದು ನಾಲ್ಕು ಸಲ ಹೊಡೆದುಕೊಂಡಿತು. ಓಡಿಬಂದು ಎತ್ತಿದರೆ ಆ ಕಡೆ ಒಬ್ಬ ತಂದೆ. ಅವನ ಮಗು ಉಳಿಯಲಿಲ್ಲ. ಆ ನಾಲ್ಕು ರಿಂಗಿನಿಂದ ಏನೂ ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಡಾಕ್ಟರು ಬರೆದುಕೊಟ್ಟರು. ಎಲ್ಲರೂ ಒಪ್ಪಿದರು, ಇವಳೊಬ್ಬಳನ್ನು ಬಿಟ್ಟು.

ಈಗ ಎಡಗಾಲಿಗೆ ಜೋಮು ಹಿಡಿದರೆ ಮನೆ ತಲುಪಿದರೂ ಬಿಡುತ್ತಿರಲಿಲ್ಲ. ಮೂಳೆ ಡಾಕ್ಟರು ಮುಖಕ್ಕೆ ಹೊಡೆದಂತೆ ಹೇಳಿದ್ದರು: "ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ. ಇಲ್ದಿದ್ರೆ ವರ್ಷದೊಳಗೆ ಆ ಕುರ್ಚೀಲಿ ಕೂರೋದಕ್ಕೂ ಆಗಲ್ಲ ನಿಮಗೆ."

ಆ ಕುರ್ಚಿ ಹೋದರೆ ತನಗೆ ಉಳಿಯುವುದೇನೆಂದು ದೊಡ್ಡಕ್ಕನಿಗೆ ತಿಳಿಯದು. ಆದರೂ ಏಳಲಿಲ್ಲ.

ಪಕ್ಕದ ಮೇಜಿನವಳಿಗೆ ಪಾದರಸ ಎಂದೇ ಹೆಸರು ಬಿದ್ದಿತ್ತು. ಎರಡು ಮಕ್ಕಳ ತಾಯಿ, ಆದರೂ ಕಾಲಿಗೆ ಚಕ್ರ ಕಟ್ಟಿಕೊಂಡಂತೆ ಓಡಾಟ. ತಂತಿಯಿಲ್ಲದ ಹೆಡ್‌ಫೋನು ಸಿಕ್ಕಿಸಿಕೊಂಡು ಅಡ್ಡಾಡುತ್ತಲೇ ಕರೆ ಮುಗಿಸುತ್ತಿದ್ದಳು.

"ಅಕ್ಕಾ, ಸ್ವಲ್ಪ ಎದ್ದೇಳಿ. ನೀವು ಎತ್ತದಿದ್ರೆ ಕರೆ ನನ್ನ ಕಡೆ ಬರುತ್ತೆ."

"ನೀನೂ ಮಾತಾಡ್ತಿದ್ರೆ?"

"ಇನ್ನೊಬ್ಬರಿಗೆ ಹೋಗುತ್ತೆ."

"ಅವರೂ ಮಾತಾಡ್ತಿದ್ರೆ?"

"ಹಾಗಂತ ಉಸಿರಾಡೋದನ್ನೂ ಬಿಟ್ಬಿಡ್ತೀರಾ?"

ದೊಡ್ಡಕ್ಕ ನಕ್ಕು, ಒಂದು ಗುಟುಕು ನೀರು ಕುಡಿದು ಬಾಟಲಿ ಪಕ್ಕಕ್ಕಿಟ್ಟಳು.

ಅದೇ ವಾರ, ಒಂದು ಮಧ್ಯಾಹ್ನ, ಅವಳ ಫೋನಿಗೆ ಒಬ್ಬ ಹೆಂಗಸಿನ ಕರೆ ಬಂತು. ಗಂಡ ಕುಸಿದುಬಿದ್ದಿದ್ದಾನೆ, ಉಸಿರಿಲ್ಲ. ದೊಡ್ಡಕ್ಕ ವಿಳಾಸ ಕೇಳಿ ಗಾಡಿ ಕಳಿಸಿದಳು.

"ಎದೆ ಮಧ್ಯ ಎರಡೂ ಕೈ ಇಟ್ಟು ಜೋರಾಗಿ ಒತ್ತಮ್ಮ. ನಾನು ಎಣಿಸ್ತೀನಿ. ಒಂದು, ಎರಡು, ಮೂರು..."

ಗಾಡಿ ಎಲ್ಲಿಗೆ ಬಂತೆಂದು ಗೋಡೆಯ ಪರದೆ ನೋಡಲು ಕೂತಲ್ಲೇ ತಿರುಗಿದಳು. ಸೊಂಟ ಗಪ್ಪನೆ ಹಿಡಿದುಕೊಂಡಿತು. ಕಣ್ಣು ಕತ್ತಲಿಟ್ಟಿತು. ಬಾಯಿ ತೆರೆದಳು, ದನಿ ಹೊರಡಲಿಲ್ಲ.

"ಅಮ್ಮಾ? ಇದೀರಾ? ಎಣಿಸಿ ಅಮ್ಮಾ!" ಆ ಕಡೆಯಿಂದ ಹೆಂಗಸು ಕೂಗುತ್ತಿದ್ದಳು.

ಯಾವುದು ಆಗಬಾರದೆಂದು ಏಳು ವರ್ಷ ಜಗ್ಗದೆ ಕೂತಿದ್ದಳೋ, ಅದು ಕೂತದ್ದರಿಂದಲೇ ಆಯಿತು.

ಪಾದರಸ ಒಂದೇ ನೆಗೆತಕ್ಕೆ ಬಂದು ಕರೆಯನ್ನು ತನ್ನ ಕಿವಿಗೆ ಹಾಕಿಕೊಂಡಳು. "ನಿಲ್ಲಿಸ್ಬೇಡಿ, ಒತ್ತಿ. ಒಂದು, ಎರಡು..." ಎಣಿಕೆಗೆ ಸರಿಯಾಗಿ ಹೆಜ್ಜೆ ಹಾಕುತ್ತ ಗೋಡೆಯಿಂದ ಗೋಡೆಗೆ ನಡೆದಳು. ಎಂಟು ನಿಮಿಷದ ನಂತರ ಆ ಮನೆಯ ಬಾಗಿಲು ಬಡಿದ ಸದ್ದು, ಗಂಡಸರ ದನಿ, ಆಮೇಲೆ ಕರೆ ಕಡಿದುಹೋಯಿತು. ಮುಂದೇನಾಯಿತೆಂದು ಈ ಕೋಣೆಗೆ ಯಾರೂ ಫೋನು ಮಾಡಿ ಹೇಳುವುದಿಲ್ಲ.

ನೋವು ಸ್ವಲ್ಪ ಇಳಿದ ಮೇಲೆ ದೊಡ್ಡಕ್ಕ ಕೇಳಿದಳು, "ನಾನು ಎಷ್ಟು ಹೊತ್ತು ಸುಮ್ಮನಿದ್ದೆ?"

"ಐದಾರು ಸೆಕೆಂಡು ಅಷ್ಟೇ. ಅವರು ಒತ್ತೋದು ನಿಲ್ಲಿಸಿರ್ಲಿಲ್ಲ ಅಕ್ಕಾ."

ದೊಡ್ಡಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಆ ಮಗುವಿಗಾಗಿ ಅತ್ತಳೋ, ಈ ಗಂಡಸಿಗಾಗಿಯೋ, ವ್ಯರ್ಥವಾಗಿ ಸವೆಸಿದ ತನ್ನ ಬೆನ್ನಿಗಾಗಿಯೋ ಅವಳಿಗೇ ಗೊತ್ತಾಗಲಿಲ್ಲ. ಆಮೇಲೆ ಹೆಡ್‌ಫೋನು ತೆಗೆದಿಟ್ಟು, ಮೇಜಿಗೆ ಎರಡೂ ಕೈ ಊರಿ ಎದ್ದಳು. ಎಡಗಾಲು ಭಾರ ಹೊರಲೊಲ್ಲದು. ಪಾದರಸ ಕೈ ಚಾಚಿದಳು.

"ಬೇಡ. ನೀನು ಫೋನು ನೋಡ್ಕೋ."

ಗೋಡೆ ಹಿಡಿದು ನಡೆಯತೊಡಗಿದಳು. ಕಿಟಕಿ ಇನ್ನೂ ದೂರವಿತ್ತು. ಅಷ್ಟರಲ್ಲಿ ಹಿಂದೆ ಅವಳದೇ ಫೋನು ಹೊಡೆದುಕೊಂಡಿತು. ದೊಡ್ಡಕ್ಕ ನಿಂತಲ್ಲೇ ನಿಂತಳು. ಮತ್ತೊಮ್ಮೆ ಹೊಡೆದುಕೊಂಡಿತು.

"ಹೇಳಿ, ಎಲ್ಲಿಂದ ಮಾತಾಡ್ತಿದೀರಿ?" ಎಂದಳು ಪಾದರಸ.

ದೊಡ್ಡಕ್ಕ ತಿರುಗಿ ನೋಡಲಿಲ್ಲ. ಕಣ್ಣೊರೆಸಿಕೊಂಡು ಇನ್ನೊಂದು ಹೆಜ್ಜೆ ಹಾಕಿದಳು.