ಹತ್ತನೆಯವಳು

ನಾರ್ಬಿ ಶಾಲಾ ಜಿಲ್ಲೆ ಅಂದರೆ ಕೇಳಿದವರು ಏನೋ ದೊಡ್ಡದು ಅಂದುಕೊಳ್ಳುತ್ತಾರೆ. ಇರುವುದು ಒಂದು ಕಟ್ಟಡ, ಎರಡು ಬಸ್ಸು, ಮಾಡು ಸೋರುವ ಒಂದು ಜಿಮ್. ಸೂಪರಿಂಟೆಂಡೆಂಟ್ ಗೇಲನ್ ಫ್ರಿಟ್ಜನೇ ಪ್ರಿನ್ಸಿಪಾಲ್, ಉತ್ತರದ ಕಡೆಯ ಬಸ್ಸಿಗೆ ಡ್ರೈವರ್ ಕೂಡ ಅವನೇ. ಆಫೀಸಿನಲ್ಲಿ ನಾನು, ಆರ್ಲಿಸ್. ಫೋನು, ಬೀಗದಕೈ, ತರಚಿದ ಮೊಣಕಾಲಿಗೆ ಪಟ್ಟಿ, ಕಳೆದುಹೋದ ಕೈಗವಸು, ಶಾಲಾ ಮಂಡಳಿಯ ಸಭೆಯ ನಡಾವಳಿ ಎಲ್ಲವೂ ನನ್ನ ತಲೆಗೇ. ಡಕೋಟಾದ ಈ ಬಯಲಿನಲ್ಲಿ ಒಬ್ಬೊಬ್ಬರು ಒಂದೊಂದೇ ಕೆಲಸ ಹಿಡಿದು ಕೂತರೆ ಶಾಲೆ ಕ್ರಿಸ್‌ಮಸ್ಸಿನ ಹೊತ್ತಿಗೆ ಮುಚ್ಚಿಹೋಗುತ್ತದೆ.

ರಾಜ್ಯದವರು ವರ್ಷಕ್ಕೊಮ್ಮೆ ಮಕ್ಕಳಿಗೆ ಓದಿನ ಪರೀಕ್ಷೆ ಇಟ್ಟು, ಯಾವ ಶಾಲೆ ಹೇಗಿದೆ ಎಂದು ಪ್ರಕಟಿಸುತ್ತಾರೆ. ಆದರೆ ತರಗತಿಯಲ್ಲಿ ಪರೀಕ್ಷೆಗೆ ಕೂತವರು ಹತ್ತಕ್ಕಿಂತ ಕಡಿಮೆ ಇದ್ದರೆ ಪಟ್ಟಿಯಲ್ಲಿ ಆ ತರಗತಿಯ ಜಾಗವನ್ನು ಖಾಲಿ ಬಿಡುತ್ತಾರೆ. ಇಲ್ಲದಿದ್ದರೆ ಯಾರ ಮಗುವಿಗೆ ಎಷ್ಟು ಬಂತೆಂದು ಊರವರು ಕಾಫಿ ಕುಡಿಯುತ್ತಲೇ ಲೆಕ್ಕ ಹಾಕಿಬಿಡುತ್ತಾರಲ್ಲ, ಅದಕ್ಕೆ. ನಮ್ಮಲ್ಲಿ ಯಾವ ತರಗತಿಯೂ ಹತ್ತು ಮುಟ್ಟುತ್ತಿರಲಿಲ್ಲ. ಹಾಗಾಗಿ ನಾರ್ಬಿಯ ಸಾಲು ಈ ತುದಿಯಿಂದ ಆ ತುದಿಗೆ ಖಾಲಿ. ಖಾಲಿ ಜಾಗ ಸಿಕ್ಕರೆ ಜನ ಬಿಟ್ಟಾರೆಯೇ, ತಮಗೆ ಬೇಕಾದ್ದನ್ನು ತುಂಬಿಕೊಂಡರು. "ಚಿಕ್ಕ ಶಾಲೆ, ಆದ್ರೆ ಭೇಷಾದ ಶಾಲೆ" ಎಂದು ಮಂಡಳಿಯ ಅಧ್ಯಕ್ಷ ಲೈಲ್ ಗಟ್ಕೆ ಪ್ರತಿ ಬೇಸಿಗೆಯ ಸಭೆಯಲ್ಲೂ ಹೇಳುತ್ತಿದ್ದ. ಲೈಲ್ ಧಾನ್ಯದ ಗೋದಾಮು ನಡೆಸುವವನು, ನನ್ನ ಜೊತೆ ಇದೇ ಶಾಲೆಯಲ್ಲಿ ಕಲಿತವನು. ನಾವೂ ತಲೆಯಾಡಿಸುತ್ತಿದ್ದೆವು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಮೂರನೆಯ ತರಗತಿಗೆ ಮಿಸೆಸ್ ಟ್ವೆಟನ್. ಊರಿನ ಅರ್ಧ ಜನಕ್ಕೆ ಪಾಠ ಹೇಳಿದಾಕೆ. ಆಕೆ ಮಕ್ಕಳಿಗೆ ಎಲ್ಲವನ್ನೂ ತಾನೇ ಓದಿ ಹೇಳುತ್ತಿದ್ದಳು. ಕಥೆ, ವಿಜ್ಞಾನ, ಲೆಕ್ಕದ ಪ್ರಶ್ನೆ, ಕೊನೆಗೆ ಊಟದ ಪಟ್ಟಿ ಕೂಡ. ಅದೆಂಥ ದನಿ! ನಾನು ಆಫೀಸಿನ ಬಾಗಿಲು ತೆರೆದಿಟ್ಟುಕೊಂಡು ಕೇಳುತ್ತಿದ್ದೆ. ಮಕ್ಕಳು ಕೇಳಿದ್ದನ್ನು ಗಿಣಿಗಳ ಹಾಗೆ ಒಪ್ಪಿಸುತ್ತಿದ್ದವು, ನಾವು ಅದನ್ನೇ ಓದು ಎಂದು ನಂಬಿಕೊಂಡಿದ್ದೆವು.

ಜನವರಿಯಲ್ಲಿ ಟೆಸ್ಸಾ ಬಂದಳು. ನಮ್ಮ ಶಾಲೆಯ ಅಡುಗೆಯವಳು ಲವೋನ್ ಹಾಯ್ಪಲ್‌ಳ ಮೊಮ್ಮಗಳು. ತಾಯಿ ಎಣ್ಣೆಬಾವಿಗಳ ಕಡೆ ಲಾರಿ ಓಡಿಸುತ್ತಾ ಊರೂರು ಸುತ್ತುವವಳು, ಹುಡುಗಿಗೆ ಒಂದು ಕಡೆ ನೆಲೆ ಅಂತ ಇರಲಿಲ್ಲ. ಯಾವ ಶಾಲೆಗೆ ಸೇರಿದರೂ ಪರೀಕ್ಷೆ ಬಂದಾಗ ಅವಳನ್ನು ಪಕ್ಕದ ಕೋಣೆಯಲ್ಲಿ ಕೂರಿಸುತ್ತಿದ್ದರಂತೆ, ಇಲ್ಲವೇ ಇವತ್ತು ಮನೆಯಲ್ಲೇ ಇರು ಅನ್ನುತ್ತಿದ್ದರಂತೆ. ಬಂದ ಮೊದಲ ವಾರ ಹುಡುಗಿ ತರಗತಿಗೆ ಕಾಲಿಡಲಿಲ್ಲ. ಅಡುಗೆಮನೆಯ ಉಗ್ರಾಣದಲ್ಲಿ ಹಿಟ್ಟಿನ ಮೂಟೆಗಳ ಹಿಂದೆ ಕೂತಿರುತ್ತಿದ್ದಳು.

"ಒಂದೇ ಒಂದು ಸಲ ಎಲ್ಲರ ಜೊತೆ ಕೂತ್ಕೊಳ್ಳಲಿ ಕಣೇ ಆರ್ಲಿಸ್," ಎಂದಿದ್ದಳು ಲವೋನ್, ಕ್ಯಾರಮೆಲ್ ರೋಲ್ ಎಂಬ ಸಿಹಿ ಬನ್ನಿಗೆ ಹಿಟ್ಟು ನಾದುತ್ತಾ. "ಪಾಸೋ ಫೇಲೋ ನಂಗೆ ಬೇಡ. ಈ ಸಲಾನೂ ಎಬ್ಬಿಸಿ ಕಳಿಸಿದ್ರೆ ಮುಗೀತು, ಇನ್ಯಾವ ಶಾಲೆ ಮೆಟ್ಲೂ ಹತ್ತಲ್ಲ ಅದು."

ಕೊನೆಗೂ ಹುಡುಗಿ ತರಗತಿಗೆ ಹೋದಳು. ಲವೋನ್ ಅವತ್ತು ಎಲ್ಲರಿಗೂ ಎರಡೆರಡು ರೋಲು ಬಡಿಸಿದಳು. ಇತ್ತ ಗೇಲನ್ ನನ್ನ ಮೇಜಿನ ಮುಂದೆ ಬಂದು ನಿಂತ. ಮುಖ ಬಾಡಿತ್ತು.

"ಆರ್ಲಿಸ್, ಮೂರನೇ ತರಗತಿ ಹತ್ತಾಯ್ತು."

"ಆಯ್ತು. ಸಿಹಿ ಹಂಚೋಣ್ವಾ?"

"ತಮಾಷೆ ಸಾಕು. ಈ ಸಲ ನಮ್ಮ ಅಂಕಿ ಅಚ್ಚಾಗುತ್ತೆ. ಆ ಹುಡುಗಿ ನಾಲ್ಕು ಶಾಲೆ ಸುತ್ತಿ ಬಂದಿದಾಳೆ. ಅವಳಿಂದ ಅಂಕಿ ಬಿತ್ತು ಅಂತಿಟ್ಕೊಳ್ಳಿ, ನಾಲ್ಕು ಮನೆಯವರು ಮಕ್ಕಳನ್ನ ಪಕ್ಕದೂರಿಗೆ ಹಾಕ್ತಾರೆ. ನಾಲ್ಕು ಹೋದ್ರೆ ಒಬ್ಬ ಟೀಚರ್ ಹೋದ ಹಾಗೆ. ಪರೀಕ್ಷೆನ ಗಡುವಿನ ಕೊನೇ ಶುಕ್ರವಾರಕ್ಕೆ ಇಟ್ಟಿದೀನಿ. ಅವತ್ತು ತಪ್ಪಿದ್ರೆ ಮತ್ತೆ ಬರೆಯೋಕಾಗಲ್ಲ. ಲವೋನ್‌ಗೆ ನೀವೊಂದು ಮಾತು ಹೇಳಿ. ಅವತ್ತು ಹುಡುಗಿಗೆ ಸ್ವಲ್ಪ ಜ್ವರ..."

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಬಾಯಿ ಬಾಡಿಗೆಗಿಲ್ಲ ಕಣಪ್ಪ. ನಿನ್ನ ಜ್ವರ, ನೀನೇ ಹೇಳ್ಕೋ."

ಹೋಗಿ ಹೇಳಿದ. ಊಟ ಬಡಿಸುವ ಕಿಟಕಿಯಿಂದ ಎಲ್ಲ ಕೇಳಿಸುತ್ತಿತ್ತು. ಲವೋನ್ ಸೌಟು ಕೆಳಗಿಡಲೇ ಇಲ್ಲ. "ನಮ್ಮನೇಲಿ ಹೇಳಿದ ದಿನಕ್ಕೆ ಜ್ವರ ಬರಲ್ಲ, ಗೇಲನ್ ಅವ್ರೇ," ಎಂದಳು. "ಸೂಪು ಬೇಕಾದ್ರೆ ತಟ್ಟೆ ತನ್ನಿ. ಇಲ್ಲಾಂದ್ರೆ ದಾರಿ ಬಿಡಿ." ಸೂಪನ್ನೂ ಕುಡಿಯದೆ ಹೊರಟುಹೋದ.

ಮುಂದಿನ ವಾರ ಜಿಮ್ಮಿನಲ್ಲಿ ಪೋಷಕರ ಕೂಟವಿತ್ತು, ಎಂದಿನಂತೆ ಚಿಲ್ಲಿ ಎಂಬ ಖಾರದ ಮಾಂಸದ ಸಾರು ಮತ್ತು ಕ್ಯಾರಮೆಲ್ ರೋಲು. ಗೇಲನ್ ಮೈಕು ಹಿಡಿದು ಬಸ್ಸಿನ ಟೈರು, ಮಾಡಿನ ರಿಪೇರಿ ಎಲ್ಲ ಹೇಳಿ ಮುಗಿಸಿದ. ಆಮೇಲೆ ಗಂಟಲು ಸರಿಮಾಡಿಕೊಂಡು, "ಬರೋ ಶುಕ್ರವಾರ ಮೂರನೇ ತರಗತಿ ಪರೀಕ್ಷೆ. ಯಾವುದಾದ್ರೂ ಮಗುಗೆ ಮೈ ಹುಷಾರಿಲ್ಲಾಂದ್ರೆ ಬಲವಂತವಾಗಿ ಕಳಿಸ್ಬೇಡಿ. ಶಾಲೆ ಒಳ್ಳೇದಕ್ಕೇ ಹೇಳ್ತಿದೀನಿ. ಯಾರಿಗೆ ಹೇಳ್ತಿದೀನೋ ಅವ್ರಿಗೆ ಅರ್ಥ ಆಗುತ್ತೆ," ಎಂದ. ಕಣ್ಣು ರೋಲಿನ ತಟ್ಟೆಯ ಹಿಂದೆ ನಿಂತಿದ್ದ ಲವೋನ್ ಮೇಲಿತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿದರೆ ಬೆಳಕು ಎರಡೂ ಕಡೆ ಬೀಳುತ್ತದೆ ಎಂದು ಯಾರಾದರೂ ಅವನಿಗೆ ಹೇಳಬೇಕಿತ್ತು.

ಶುಕ್ರವಾರ ಬೆಳಿಗ್ಗೆ ನಾನು ಕೋಟು ಬಿಚ್ಚುವ ಮೊದಲೇ ಫೋನು ಹೊಡೆದುಕೊಳ್ಳತೊಡಗಿತು. ಒಬ್ಬಳ ಮಗನಿಗೆ ಹೊಟ್ಟೆನೋವು. ಇನ್ನೊಬ್ಬಳ ಮಗಳಿಗೆ ಹಲ್ಲಿನ ಡಾಕ್ಟರು. ಮತ್ತೊಬ್ಬನ ಮನೆಯಲ್ಲಿ ಹಸು ಕರು ಹಾಕುತ್ತಿದೆ, ಹುಡುಗ ಇಲ್ಲದೆ ಆಗುವುದೇ ಇಲ್ಲವಂತೆ. ಎಲ್ಲರದೂ ಪಿಸುದನಿ. "ಬೇರೆಯವ್ರಿಗೆ ಹೇಳ್ಬೇಡ ಕಣೇ ಆರ್ಲಿಸ್, ನಮ್ಮದೊಂದೇ ಮಗು ಓದಿನಲ್ಲಿ ಸ್ವಲ್ಪ ಹಿಂದೆ," ಎಂದು ಅವಳಿ ಮಕ್ಕಳ ತಾಯಿ ಅತ್ತೇಬಿಟ್ಟಳು. ನಮ್ಮದೊಂದೇ ಅಂದಳು, ಪಾಪ, ಇರುವುದು ಇಬ್ಬರು. ಕೊನೆಗೆ ಲೈಲ್ ಗಟ್ಕೆ ಖುದ್ದಾಗಿ ಬಂದ. ಟೋಪಿ ತೆಗೆಯದೆ ಬಾಗಿಲಲ್ಲೇ ನಿಂತು, "ಹಡ್ಸನ್‌ಗೆ ಕೆಮ್ಮು," ಎಂದ.

"ನಿನ್ನ ಮಗ ಪಿಕಪ್ಪಿನಲ್ಲಿ ಕೂತು ಚಿಪ್ಸ್ ತಿಂತಿದಾನಲ್ಲೋ, ಲೈಲ್."

"ಒಣ ಕೆಮ್ಮು ಕಣೇ," ಎಂದು ಹೊರಟುಹೋದ.

ಕುಂಬಳಕಾಯಿ ಕಳ್ಳ ಅಂದರೆ ಊರಿಗೆ ಊರೇ ಹೆಗಲು ಮುಟ್ಟಿ ನೋಡಿಕೊಂಡಿತ್ತು. ಎಂಟು ಮನೆ, ಅವಳಿಗಳೂ ಸೇರಿ ಮಕ್ಕಳು ಒಂಬತ್ತು. ಯಾರು ಬರಬಾರದು ಎಂದು ಗೇಲನ್ ಹೇಳಿದ್ದನೋ ಅವಳು ಮಾತ್ರ ಬಂದಳು. ಅಜ್ಜಿ ಎರಡು ಜಡೆ ಹೆಣೆದಿದ್ದಳು, ಹೊಸ ಪೆನ್ಸಿಲು ಬೇರೆ. ಪರೀಕ್ಷೆ ಕಂಪ್ಯೂಟರಿನಲ್ಲಿ ಅಂತ ಲವೋನ್‌ಗೆ ಯಾರೂ ಹೇಳಿರಲಿಲ್ಲ.

ನಾನು ತರಗತಿಯ ಬಾಗಿಲಿಗೆ ಹೋದಾಗ ಟೆಸ್ಸಾ ಖಾಲಿ ಕುರ್ಚಿಗಳ ನಡುವೆ ನಿಂತಿದ್ದಳು. ಮಿಸೆಸ್ ಟ್ವೆಟನ್ ಕಿಟಕಿಯ ಹೊರಗೆ ನೋಡುತ್ತಿದ್ದಳು.

"ಎಲ್ರೂ ಎಲ್ಲಿ?" ಎಂದಿತು ಹುಡುಗಿ. ಮರುಕ್ಷಣವೇ, "ನಾನು ಬರ್ತೀನಿ ಅಂತ ಅವ್ರು ಬರ್ಲಿಲ್ವಾ?" ಎಂದಳು. ಅಳಲಿಲ್ಲ. ಪೆನ್ಸಿಲನ್ನು ಮೇಜಿನ ಮೇಲಿಟ್ಟು, ನನ್ನ ಪಕ್ಕದಿಂದಲೇ ನಡೆದು, ಅಡುಗೆಮನೆ ದಾಟಿ ಉಗ್ರಾಣಕ್ಕೆ ಹೋದಳು. ಲವೋನ್ ಬಾಗಿಲಲ್ಲಿ ನಿಂತು ಕರೆದಳು, ಬೇಡಿಕೊಂಡಳು. ಮೂಟೆಗಳ ಹಿಂದಿನಿಂದ ಹುಡುಗಿ ಏಳಲಿಲ್ಲ. ಲವೋನ್ ನನ್ನನ್ನು ತಿರುಗಿ ನೋಡಿದಳು.

ಗೇಲನ್ ಬಸ್ಸು ನಿಲ್ಲಿಸಿ ಒಳಗೆ ಬಂದ. ಬಂದ ಫೋನುಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಖುಷಿಪಡುತ್ತಾನೆ ಅಂದುಕೊಂಡಿದ್ದೆ, ಜಾಗ ಖಾಲಿ ಉಳಿಯಿತಲ್ಲ. ಅವನು ಕುರ್ಚಿಯಲ್ಲಿ ಕುಸಿದ.

"ಅಂದ್ರೆ ಮಗು ಓದಿನಲ್ಲಿ ಹಿಂದೆ ಅಂತ ಪ್ರತಿ ಮನೇಲೂ ಗೊತ್ತಿತ್ತು," ಎಂದ. "ಒಬ್ರೂ ನಂಗೆ ಹೇಳ್ಲಿಲ್ಲ."

"ನೀನು ಕೇಳಿದ್ಯಾ? ಹುಡುಗಿ ಉಗ್ರಾಣದಲ್ಲಿ ಕೂತಿದೆ. ಎದ್ದು ಬಸ್ಸು ತಗೋ. ನಾನು ಫೋನ್ ಮಾಡ್ತೀನಿ."

ಮಾಡಿದೆ. ಎಂಟೂ ಮನೆಗೆ ಒಂದೇ ಮಾತು. "ನಿಮ್ಮದೊಂದೇ ಅಲ್ಲ ಕಣ್ರೀ. ಎಲ್ಲರದೂ ಮನೇಲೇ ಇದಾವೆ. ಎಲ್ಲರದೂ ಅದೇ ಕೆಮ್ಮು. ಶೂ ಹಾಕಿ ಬಾಗಿಲಲ್ಲಿ ನಿಲ್ಲಿಸಿ, ಬಸ್ಸು ಬರ್ತಿದೆ." ಹೆಚ್ಚಿನವರು ಕೇಳಿದ್ದು ಒಂದೇ: "ಎಲ್ಲರದೂನಾ?" ಅದೆಂಥ ನೆಮ್ಮದಿ ಆ ದನಿಯಲ್ಲಿ! ಸಿಟ್ಟೂ ಬಂತು, ಅಯ್ಯೋ ಪಾಪ ಅಂತಲೂ ಅನ್ನಿಸಿತು.

ಊಟದ ಹೊತ್ತಿಗೆ ಬಸ್ಸು ವಾಪಸು ಬಂತು. ಒಬ್ಬನ ಜಾಕೆಟ್ಟಿನ ತುಂಬ ಹುಲ್ಲು, ಅವಳಿಗಳಿಗೆ ಇನ್ನೂ ಮಲಗುವ ಬಟ್ಟೆ. ಲೈಲ್ ತನ್ನ ಪಿಕಪ್ಪಿನಲ್ಲೇ ಮಗನನ್ನು ಕರೆತಂದ. ಮಕ್ಕಳು ಕೂತರು. ಹತ್ತನೆಯ ಕುರ್ಚಿ ಖಾಲಿ.

ಟೆಸ್ಸಾ ಹೊರಗೆ ಬರಲಿಲ್ಲ. ಮಿಸೆಸ್ ಟ್ವೆಟನ್ ಕರೆದಳು. ಗೇಲನ್ ಮೊಣಕಾಲೂರಿ ಕೂತು, ತಪ್ಪು ನಂದಮ್ಮಾ, ಕ್ಷಮಿಸು ಎಂದ. ಅವಳಿಲ್ಲದೆ ಶುರುಮಾಡಿದ್ದರೆ ಒಂಬತ್ತೇ ಆಗುತ್ತಿತ್ತು, ಜಾಗ ಖಾಲಿಯೇ ಉಳಿಯುತ್ತಿತ್ತು. ಗೇಲನ್‌ಗೆ ಅದು ಹೊಳೆಯದೆ ಇರಲಿಲ್ಲ. ಆದರೂ ಶುರುಮಾಡಿ ಅನ್ನಲಿಲ್ಲ. ಅಷ್ಟರಮಟ್ಟಿಗೆ ಮನುಷ್ಯ.

ಆಗ ಹಡ್ಸನ್ ತರಗತಿಯಿಂದ ಎದ್ದು ಬಂದ. ಅಡುಗೆಮನೆಯಲ್ಲಿ ಅಪ್ಪ ಟೋಪಿ ಹಿಡಿದು ನಿಂತಿದ್ದಾನೆ, ಅದನ್ನು ಲೆಕ್ಕಕ್ಕೇ ತಗೊಳ್ಳದೆ ಉಗ್ರಾಣಕ್ಕೆ ತಲೆ ಹಾಕಿದ.

"ಟೆಸ್ಸಾ, ಬಾರೇ."

"ನೀವ್ಯಾರೂ ಬರ್ಲಿಲ್ಲ," ಎಂದಿತು ಒಳಗಿನ ದನಿ.

"ನಂಗೆ ಓದಕ್ಕೆ ಬರಲ್ಲ. ಅದಕ್ಕೇ ಅಪ್ಪ ಕಳಿಸ್ಲಿಲ್ಲ," ಎಂದ ಹುಡುಗ, ಮಳೆ ಬರ್ತಿದೆ ಅನ್ನುವಷ್ಟೇ ಸಲೀಸಾಗಿ. "ಟ್ವೆಟನ್ ಟೀಚರ್ ಓದಿದ್ದು ನಂಗೆ ಬಾಯಿಪಾಠ ಬರುತ್ತೆ. ಒಬ್ನೇ ನೋಡಿದ್ರೆ ಬರಲ್ಲ. ನಿಂಗೆ?"

ಒಳಗೆ ಏನೋ ಸರಿದಾಡಿತು. "ಚಿಕ್ಕ ಚಿಕ್ಕ ಪದ ಬರುತ್ತೆ."

"ಹಂಗಾದ್ರೆ ನನಗಿಂತ ವಾಸಿ. ಬಾ."

ಮೂಗಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡು ಹೊರಗೆ ಬಂದಳು. ಲವೋನ್ ಏಪ್ರನ್ನಿನ ತುದಿಯಿಂದ ಅದನ್ನು ಒರೆಸಲು ಹೋಗಿ ತನ್ನ ಕಣ್ಣು ಒರೆಸಿಕೊಂಡಳು. ಲೈಲ್ ಮಾತ್ರ ಆಲೂಗಡ್ಡೆಯ ಪೆಟ್ಟಿಗೆಯ ಮೇಲೆ ಕೂತ. ಮಕ್ಕಳೆಲ್ಲ ಬರೆದು ಮುಗಿಸುವವರೆಗೂ ಕೂತೇ ಇದ್ದ.

ಆಗಸ್ಟಿನಲ್ಲಿ ಅಂಕಿ ಅಚ್ಚಾಯಿತು. ಓದು ಬರುವವರು ಹತ್ತಕ್ಕೆ ಮೂವರು. ಯಾವ ಮೂವರು ಎಂದು ನನಗೆ ಗೊತ್ತು, ಹೇಳುವ ಹಾಗಿಲ್ಲ. ಎರಡು ಮನೆಯವರು ಮಕ್ಕಳನ್ನು ಪಕ್ಕದೂರಿಗೆ ಹಾಕಿದರು. ಓದು ಕಲಿಸಲೆಂದೇ ಒಬ್ಬರನ್ನು ತರಬೇಕೆಂದು ಗೇಲನ್ ಮಂಡಳಿಯನ್ನು ಕೇಳಿದ, ಜಿಮ್ಮಿನ ಮಾಡು ಇನ್ನೊಂದು ವರ್ಷ ಸೋರಲಿ ಎಂದ. ಮಿಸೆಸ್ ಟ್ವೆಟನ್ ಸಭೆಗೆ ಬಂದಿದ್ದಳು. ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ಮೊದಲ ಸಲ ಆಕೆಯ ದನಿ ಕೇಳದೆ ನನಗೆ ಕಸಿವಿಸಿಯಾಯಿತು.

ಮಂಡಳಿಯ ಸದಸ್ಯನೊಬ್ಬ ಅಂಕಿಯ ಹಾಳೆ ನೋಡಿ, "ಆ ಅಡುಗೆಯವಳ ಮೊಮ್ಮಗಳು ಬರದೇ ಇದ್ದಿದ್ರೆ ಈ ಗತಿ ಬರ್ತಿರ್ಲಿಲ್ಲ," ಎಂದ. ಲವೋನ್ ಕಾಫಿಯ ಕೆಟಲು ಹಿಡಿದು ಅಲ್ಲೇ ನಿಂತಿದ್ದಳು.

ಲೈಲ್ ತಲೆಯೆತ್ತಿದ. "ಅವತ್ತು ಹೊತ್ತಿಗೆ ಸರಿಯಾಗಿ ಶಾಲೆಗೆ ಬಂದಿದ್ದು ಅವಳೊಬ್ಳೇ ಕಣೋ. ಮಿಕ್ಕ ಮಕ್ಕಳನ್ನ ನಾವು ಬಚ್ಚಿಟ್ಟಿದ್ವಿ. ಬಚ್ಚಿಟ್ಟವರಲ್ಲಿ ನಾನೂ ಒಬ್ಬ." ಆಮೇಲೆ ನನ್ನ ಕಡೆ ತಿರುಗಿ, "ಇದನ್ನೂ ನಡಾವಳಿಯಲ್ಲಿ ಬರ್ಕೋ ಆರ್ಲಿಸ್, ನನ್ನ ಹೆಸರು ಹಾಕೇ ಬರ್ಕೋ," ಎಂದ.

ಬರೆದುಕೊಂಡೆ.