ಕಿರುಚುವ ಇಸ್ತ್ರಿಪೆಟ್ಟಿಗೆ

ಹೊಲಿಗೆಯಲ್ಲಿ ದರ್ಜಿಯದು ಎತ್ತಿದ ಕೈ. ತೊಂದರೆ ಇದ್ದದ್ದು ಇಸ್ತ್ರಿಯಲ್ಲಿ. ಮಾತಿಗೆ ಸಿಕ್ಕರೆ ಪುಣ್ಯಾತ್ಮನಿಗೆ ಮೈಮೇಲೆ ಎಚ್ಚರವಿರುತ್ತಿರಲಿಲ್ಲ. ಕಾದ ಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು, ಎರಡೂ ಕೈ ಆಡಿಸುತ್ತ ವಾದಕ್ಕೆ ನಿಲ್ಲುತ್ತಿದ್ದ. ಒಂದೇ ತಿಂಗಳಲ್ಲಿ ಮೂರು ಅಂಗಿ ಸುಟ್ಟ ಮೇಲೆ ಹೆಂಡತಿ ಪೆಟ್ಟಿಗೆಯನ್ನು ಬೀರುವಿನಲ್ಲಿಟ್ಟು ಬೀಗ ಜಡಿದಳು. ಹೊಲಿದದ್ದೆಲ್ಲ ಇಸ್ತ್ರಿಗೆ ಎದುರಂಗಡಿಗೆ ಹೋಗತೊಡಗಿತು. ತಾನು ಕೂರಿಸಿದ ಕಾಲರನ್ನು ಇನ್ನೊಬ್ಬ ಉಜ್ಜುವುದನ್ನು ನೋಡಿ ದರ್ಜಿಯ ಹೊಟ್ಟೆ ಉರಿಯುತ್ತಿತ್ತು.

ಶಾಲೆಯಲ್ಲಿ ವಿಜ್ಞಾನ ಕಲಿಸುವ ಮಗಳು ಒಂದು ದಿನ ಬೆಂಕಿಪೊಟ್ಟಣದಷ್ಟು ದೊಡ್ಡ ಹಸಿರು ಎಲೆಕ್ಟ್ರಾನಿಕ್ ಬೋರ್ಡ್ ತಂದಳು.

"ಇದಕ್ಕೆ ನೀನೇ ಬುದ್ಧಿ ಹೇಳ್ಬೇಕು ಅಪ್ಪಾ. ನಾನು ಪಕ್ಕದಲ್ಲಿ ಕೂತಿರ್ತೀನಿ."

"ಇದ್ದೋರು ತಾನೇ ಹೇಳೋದು!" ಒಳಗಿನಿಂದ ಹೆಂಡತಿಯ ದನಿ ಬಂತು.

ದರ್ಜಿ ಹಟ ಹಿಡಿದ. ಲ್ಯಾಪ್‌ಟಾಪಿನಲ್ಲಿ ಒಂದೇ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತುತ್ತ, ಒಂದು ಬ್ರ್ಯಾಕೆಟ್ ಮುಚ್ಚದೆ ಬಿಟ್ಟದ್ದಕ್ಕೆ ಇಡೀ ಸಂಜೆ ಬೈಸಿಕೊಳ್ಳುತ್ತ, ನಾಲ್ಕು ದಿನದಲ್ಲಿ ಪ್ರೋಗ್ರಾಂ ಮುಗಿಸಿದ. ಪೆಟ್ಟಿಗೆಯ ಹಿಡಿಗೆ ಒಂದು ಗುಂಡಿ. ಅದರಿಂದ ಕೈ ತೆಗೆದರೆ ಬೋರ್ಡ್ ಎಣಿಸಬೇಕು. ಹತ್ತು ಸೆಕೆಂಡಾದರೆ ಕಿರುಚಬೇಕು. ಹನ್ನೊಂದಕ್ಕೆ ಬಟ್ಟೆ ಕಂದುವುದನ್ನು ಮಗಳು ತನ್ನ ಮನೆಯಲ್ಲಿ ಚಿಂದಿ ಸುಟ್ಟು ನೋಡಿಯೇ ಹೇಳಿದ್ದಳು.

ಹೆಂಡತಿ ಬೀಗ ತೆಗೆದಳು. "ಕೆಲಸ ಮಾಡಿದ್ರೆ ಪೆಟ್ಟಿಗೆ ನಿಮ್ಮದು. ಇಲ್ಲಾಂದ್ರೆ ಎದುರಂಗಡಿಯವನಿಗೇ ಕೊಟ್ಬಿಡ್ತೀನಿ."

ಮೊದಲು ಒಂದು ಒರೆಸುಬಟ್ಟೆಯ ಮೇಲೆ ನೋಡಿದರು. ದರ್ಜಿ ಕೈ ಬಿಟ್ಟ. ಮೊದಲು ಹೊಗೆ ಬಂತು, ಆಮೇಲೆ ಕಿರುಚಾಟ ಬಂತು. ಮಗಳು ಪ್ರೋಗ್ರಾಂ ತೆರೆದು ನೋಡಿದರೆ ಅಲ್ಲಿ ಹನ್ನೆರಡು ಇತ್ತು.

"ಹತ್ತು ಅಂದಿದ್ದೆನಲ್ಲಪ್ಪಾ?"

"ಹತ್ತೇ. ಎರಡು ಹೊಲಿಗೆಗೆ ಬಿಟ್ಟೆ."

ಮೂವತ್ತು ವರ್ಷದಿಂದ ಯಾವ ಅಳತೆ ಬಂದರೂ ಎರಡು ಸೇರಿಸಿಯೇ ಕತ್ತರಿ ಹಾಕಿದ ಕೈ ಅದು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವುದು ಸುಮ್ಮನೆ ಅಲ್ಲ.

"ಬಟ್ಟೆಗೆ ಬಿಡೋದು ಸರಿ, ಬೆಂಕಿಗೂ ಬಿಡ್ತಾರಾ?" ಎಂದು ಹೆಂಡತಿ ಪ್ಲಗ್ ಕಿತ್ತಳು.

"ಇನ್ನೊಂದೇ ಒಂದು ಸಲ ಕಣೇ," ಎಂದ ದರ್ಜಿಯ ಮುಖ ಹುಳ್ಳಗಾಗಿತ್ತು. ಹನ್ನೆರಡನ್ನು ಅಳಿಸಿ ಎಂಟು ಹಾಕಿದ. ಅಳತೆಗಿಂತ ಕಡಿಮೆ ಇಡುವಾಗ ಅವನು ಕಣ್ಣು ಮುಚ್ಚಿಕೊಂಡ.

ಈ ಸಲ ಹೆಂಡತಿ ತನ್ನ ಹೊಸ ಬಿಳಿ ಮೇಜುಹಾಸನ್ನೇ ಹಾಸಿದಳು. ದರ್ಜಿ ಹಿಡಿಯನ್ನು ಬಿಗಿಯಾಗಿ ಹಿಡಿದು ಉಜ್ಜತೊಡಗಿದ. ಅವಳು ಗೋಡೆ ನೋಡುತ್ತ ಮೆಲ್ಲಗೆ ಅಂದಳು: "ಏನೇ ಹೇಳಿ, ನಮ್ಮಣ್ಣ ನಿಮಗಿಂತ ಚೆನ್ನಾಗಿ ಹೊಲೀತಾನೆ."

"ಯಾರು? ಅವನಾ?" ದರ್ಜಿಯ ಎರಡೂ ಕೈ ಗಾಳಿಗೆ ಎದ್ದವು. "ಅವನು ಹೊಲಿದ ಪ್ಯಾಂಟಲ್ಲಿ ಒಬ್ಬ ಕೂರೋಕಾಗದೆ ಮದುವೆ ಮನೇಲಿ ನಿಂತೇ..."

ಬೋರ್ಡ್ ಮನೆ ಹಾರಿಹೋಗುವಂತೆ ಕಿರುಚಿತು. ದರ್ಜಿ ಬೆಚ್ಚಿ ಪೆಟ್ಟಿಗೆ ಎತ್ತಿದ. ಹಾಸಿನ ಮೇಲೆ ಒಂದು ಕಲೆಯೂ ಇರಲಿಲ್ಲ.

ಹೆಂಡತಿ ಬಗ್ಗಿ, ಬೆರಳಾಡಿಸಿ ನೋಡಿ, ಬೀರುವಿನ ಬೀಗದಕೈಯನ್ನು ಅವನ ಜೇಬಿಗೆ ಹಾಕಿದಳು. "ನಮ್ಮಣ್ಣನಿಗೆ ಸೂಜಿಗೆ ದಾರ ಪೋಣಿಸೋಕೂ ಬರಲ್ಲ ಬಿಡಿ. ನಿಮ್ಮಂಥ ಕೈ ಈ ಬೀದೀಲೇ ಯಾರಿಗೂ ಇಲ್ಲ."

ಮೂವತ್ತು ವರ್ಷದಲ್ಲಿ ಅವಳ ಬಾಯಿಂದ ಈ ಮಾತು ಬಂದದ್ದು ಇದೇ ಮೊದಲು. ದರ್ಜಿಯ ಕಣ್ಣು ತುಂಬಿತು. ಕಣ್ಣೊರೆಸಿಕೊಳ್ಳಲು ಕೈ ಬೇಕಿತ್ತು. ಪೆಟ್ಟಿಗೆಯನ್ನು ಹಾಸಿನ ಮೇಲೇ ಇಟ್ಟ. ಅವಳೂ ಅದನ್ನು ನೋಡಲಿಲ್ಲ. ಎಂಟು ಸೆಕೆಂಡಿಗೆ ಸರಿಯಾಗಿ ಬೋರ್ಡ್ ಇಬ್ಬರನ್ನೂ ಸೇರಿಸಿ ಬೈಯಿತು.