ಬಲಗಿವಿಯ ಪಾಲು

ಮೂವತ್ತೊಂದು ವರ್ಷ ಅವಳು ಎಡಗಿವಿಯಲ್ಲೇ ಸಂಬಳ ಸಂಪಾದಿಸಿದ್ದಳು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಟೈಪಿಸ್ಟ್ ಕೆಲಸ. ಡಾಕ್ಟರುಗಳು ರೋಗಿಯನ್ನು ನೋಡಿ ಬಂದು ಯಂತ್ರದಲ್ಲಿ ಹೇಳಿಟ್ಟದ್ದನ್ನು ಒಂಟಿ ಇಯರ್‌ಫೋನಿನಲ್ಲಿ ಕೇಳಿಕೊಂಡು ಟೈಪ್ ಮಾಡಬೇಕು. ಬಲಗಿವಿ ಖಾಲಿ ಇರಬೇಕು, ಸಾಹೇಬರು ಕರೆದರೆ ಓಗೊಡಬೇಕಲ್ಲ! ಆ ಇಯರ್‌ಫೋನೋ, ಹಿಂದಿನ ಪಾಳಿಯವಳ ಕಿವಿಯ ಗುಗ್ಗೆ ಮೆತ್ತಿಕೊಂಡೇ ಕೈಗೆ ಬರುತ್ತಿತ್ತು. ಡಾಕ್ಟರುಗಳಿಗೆ ಪುರುಸೊತ್ತೆಲ್ಲಿ? ಊಟ ಮಾಡುತ್ತಲೇ ಮಾತಾಡುವರು. ಹುಣ್ಣಿನಿಂದ ಎಷ್ಟು ಕೀವು ಬಂತು, ಯಾವ ಬಣ್ಣದ್ದು ಎನ್ನುವುದರ ನಡುವೆ ಚಪ್ ಚಪ್ ಎಂದು ಜಗಿಯುವ ಸದ್ದು, ಆಮೇಲೊಂದು ತೇಗು. ನೇರ ಅವಳ ಕಿವಿಯೊಳಕ್ಕೆ. ಥೂ! ಮನೆಗೆ ಬಂದು ತಟ್ಟೆ ಮುಂದೆ ಕೂತರೂ ಆ ಸದ್ದು ಕಿವಿ ಬಿಡುತ್ತಿರಲಿಲ್ಲ.

ಅದಕ್ಕೇ ಕೆಲಸ ಬಿಟ್ಟ ಮರುವಾರ ಅವಳು ತೀರ್ಮಾನ ಹೇಳಿಬಿಟ್ಟಳು. ಮಲಗುವ ಕೋಣೆಗೆ ಒಳ್ಳೆಯದೊಂದು ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್. ಹಿಂದೊಮ್ಮೆ ಗೆಳತಿಯ ಮನೆಯಲ್ಲಿ ಎರಡು ಸ್ಪೀಕರುಗಳ ಎದುರಿಗೆ, ಸರಿಯಾಗಿ ನಡುವೆ ಕೂತು ಹಾಡು ಕೇಳಿದ್ದಳು. ಹಾಡುವವಳು ಎರಡರ ಮಧ್ಯೆ ಬರಿಗಾಳಿಯಲ್ಲಿ ಬಂದು ಕೂತ ಹಾಗಿತ್ತು. ಬಲಗಿವಿಯೂ ತನ್ನದೇ ಎಂದು ಅವಳಿಗೆ ಗೊತ್ತಾದದ್ದು ಅವತ್ತು.

ಅಂಗಡಿಗೆ ಗಂಡ ಜೊತೆಗೆ ಬಂದ. ಸಾಲದ್ದಕ್ಕೆ ಮೈದುನನನ್ನೂ ಎಳೆದುಕೊಂಡು ಬಂದ. ಮೈದುನ ಮೋಟಾರ್ ರಿವೈಂಡಿಂಗ್ ಮಾಡುವವನು. ವೈರು ಇರುವ ಯಾವ ವಸ್ತುವಿನ ಬಗ್ಗೆಯೂ ಜಗತ್ತಿನಲ್ಲಿ ತನ್ನನ್ನು ಮೀರಿಸಿದವರಿಲ್ಲ ಎಂದುಕೊಂಡಿದ್ದ.

ಹಾಡು ಕೇಳಿಸುವ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಕಾರ್ಪೆಟ್ಟಿನಲ್ಲಿ ಊರವರ ಕಾಲ್ಚೀಲದ ಹುಳಿ ವಾಸನೆ, ಅದರ ಮೇಲೆ ಸಿಂಪಡಿಸಿದ ಸೆಂಟಿನ ವಾಸನೆ. ಎರಡೂ ಸೇರಿ ಮೂಗಿಗೆ ಅಡರಿದವು. ಸೇಲ್ಸ್‌ಮನ್ ಅವಳ ಕಡೆ ತಿರುಗಿಯೂ ನೋಡಲಿಲ್ಲ.

"ಸಾರ್, ನಿಮ್ಮಂಥೋರಿಗೆ ಇದೇ ಸರಿ," ಎಂದು ಗಂಡನಿಗೆ ಬೀರುವಿನಷ್ಟು ಎತ್ತರದ ಜೋಡಿಯೊಂದನ್ನು ತೋರಿಸಿದ. "ಮೇಡಂಗೆ ಬಣ್ಣ ಬೇಕಾದ್ರೆ ಬದಲಾಯಿಸ್ಕೊಡ್ತೀವಿ."

"ಎಷ್ಟು ವ್ಯಾಟು?" ಎಂದ ಮೈದುನ.

"ನಮ್ಮದು ಪುಟ್ಟ ಕೋಣೆ," ಅವಳು ನಡುವೆ ಬಾಯಿ ಹಾಕಿದಳು. "ಮೆಲ್ಲಗೆ ಹಾಕಿದ್ರೆ ಹೇಗೆ ಕೇಳತ್ತೆ, ಅದು ಬೇಕು ನನಗೆ. ಆ ಮೂಲೇಲಿರೋ ಚಿಕ್ಕದನ್ನ ಹಾಕಿ."

"ಅತ್ತಿಗೆ, ಅದು ಆಟದ ಸಾಮಾನು," ಎಂದು ಮೈದುನ ನಕ್ಕ. ಗಂಡನೂ ನಕ್ಕ. ಮೂವರಿಗೂ ನಗುವಿಗೊಂದು ವಸ್ತು ಸಿಕ್ಕಿತು.

ಸೇಲ್ಸ್‌ಮನ್ ಒಲ್ಲದ ಮನಸ್ಸಿನಿಂದ ಚಿಕ್ಕದನ್ನು ಹಾಕಿ, ಬೆನ್ನಿಗೇ ದೊಡ್ಡದನ್ನು ಹಾಕಿದ. ಡಮ ಡಮ ಎಂದು ಗೋಡೆ ಅದುರಿತು. ಗಂಡ ತಲೆದೂಗಿದ. ಅವಳು ಮಾತ್ರ ಸೇಲ್ಸ್‌ಮನ್ನನ ಹೆಬ್ಬೆರಳನ್ನೇ ನೋಡುತ್ತಿದ್ದಳು. ಮೇಜಿನ ಕೆಳಗೆ ರಿಮೋಟಿನ ಮೇಲೆ ಅದು ಎರಡು ಸಲ ಒತ್ತಿತ್ತು.

"ದೊಡ್ಡದಕ್ಕೆ ಸದ್ದು ಏರಿಸಿದ್ರಿ ನೀವು," ಎಂದಳು. "ಎರಡನ್ನೂ ಒಂದೇ ಸಮ ಇಟ್ಟು ಹಾಕಿ."

ಅವನ ಮುಖ ಸಣ್ಣದಾಯಿತು. ಛೀ, ಎಂಥ ಬಾಳು! ಬೆರಳ ತುದಿಯಲ್ಲಿ ಮೋಸ ಮಾಡಿ, ಅದೇ ಬೆರಳನ್ನು ನೆಕ್ಕಿ ರಸೀದಿ ಪುಸ್ತಕ ತಿರುವಿ ಹಾಕುತ್ತಿದ್ದ. ಒಂದೇ ಸಮ ಇಟ್ಟಾಗ ದೊಡ್ಡದು ಕೊಡದೊಳಗಿನಿಂದ ಮಾತಾಡಿದಂತೆ ಗುಮ್ಮೆಂದಿತು. ಚಿಕ್ಕದರಲ್ಲಿ ಹಾಡುವವಳು ಸಾಲಿಗೆ ಮೊದಲು ಉಸಿರೆಳೆದುಕೊಂಡದ್ದೂ ಕೇಳಿತು. ಅವಳು ಅದನ್ನೇ ಕೊಂಡಳು. ಜೊತೆಗೆ ಎರಡೇ ತಿರುಗುಗುಂಡಿಗಳಿದ್ದ, ಬಡಾಯಿಯಿಲ್ಲದ ಒಂದು ಆಂಪ್ಲಿಫೈಯರ್.

ಮರುದಿನ ಬೆಳಿಗ್ಗೆ ತಾನೇ ಜೋಡಿಸಿದಳು. ಕಿಟಕಿಯ ಆಚೆಗೊಂದು, ಈಚೆಗೊಂದು. ಗೋಡೆಗೆ ತಾಗದಂತೆ ಒಂದು ಗೇಣು ಬಿಟ್ಟು. ಎದುರಿಗೆ, ಹಾಸಿಗೆಯ ಮೇಲೆ ತಾನು ಕೂರುವ ಜಾಗವನ್ನು ಟೈಲರ್ ಟೇಪಿನಲ್ಲಿ ಅಳೆದು ನೋಡಿದಳು. ಮನಸ್ಸು ಮದುವೆಯ ದಿನಕ್ಕಿಂತ ಹಗುರಾಗಿತ್ತು. ಬೆವರು ಮೆತ್ತಿದ ಮೈಯಲ್ಲಿ ಕೇಳುವುದು ಬೇಡವೆಂದು ಸ್ನಾನಕ್ಕೆ ಹೋದಳು.

ತಲೆ ಒರೆಸಿಕೊಳ್ಳುತ್ತಾ ಕೋಣೆಗೆ ಬಂದಾಗ ಚಪ್ ಚಪ್ ಎಂದು ಕೇಳಿತು.

ಎಡಗಡೆಯ ಸ್ಪೀಕರಿನಲ್ಲಿ ಯಾವನೋ ಜಗಿಯುತ್ತಿದ್ದ. ತುಟಿ ಬಡಿಯುವುದು, ಬೆರಳು ಚೀಪುವುದು, ನುಂಗುವುದು, ಒಂದೊಂದೂ ಕಣ್ಣಿಗೆ ಕಟ್ಟುವಷ್ಟು ಸ್ಪಷ್ಟ. ಒಳ್ಳೆಯ ಸ್ಪೀಕರು ಆರಿಸಿದ್ದಕ್ಕೆ ಫಲ! ಬಲಗಡೆಯ ಜಾಗ ಖಾಲಿ. ಅಲ್ಲಿಂದ ವೈರೊಂದು ಬಾಗಿಲ ಸಂದಿನಲ್ಲಿ ನುಸುಳಿ ಹಾಲಿಗೆ ಹೋಗಿತ್ತು, ಹಾಲಿನಿಂದ ಇನ್ನೊಂದು ವೈರು ಆಂಪ್ಲಿಫೈಯರಿಗೆ ಬಂದಿತ್ತು. ಹಾಲಿನಲ್ಲಿ ಟೀವಿಯ ಪಕ್ಕ ಅವಳ ಬಲಗಡೆಯ ಸ್ಪೀಕರು ಕೂತಿತ್ತು. ಟೀವಿಯಲ್ಲಿ ಹೋಟೆಲಿಂದ ಹೋಟೆಲಿಗೆ ಹೋಗಿ ತಿನ್ನುವವನ ಕಾರ್ಯಕ್ರಮ. ಅಣ್ಣ, ಅವಳು ಸ್ನಾನಕ್ಕೆ ಹೋದಾಗ ಬಂದಿದ್ದ ತಮ್ಮ, ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

"ಏನ್ರೀ ಇದು?"

"ಎರಡಿದ್ವಲ್ಲೇ, ಒಂದೇ ಕೋಣೇಲಿ ಎರಡು ಯಾಕೆ ದಂಡ ಅಂತ," ಎಂದ ಗಂಡ. ದೊಡ್ಡ ಉಪಕಾರ ಮಾಡಿದವನ ಮುಖ. "ತಮ್ಮನೇ ವೈರು ಎಳೆದುಕೊಟ್ಟ. ಟೀವಿ ಸದ್ದು ಈಗ ಎರಡೂ ಕಡೆ ಬರತ್ತೆ. ನಿನಗೊಂದು, ನಮಗೊಂದು."

"ಜೋಡಿ ಬೇರೆ ಮಾಡಿದ್ರೂ ಏನೂ ಆಗಲ್ಲ ಅತ್ತಿಗೆ," ಎಂದ ಮೈದುನ.

ಮೂವತ್ತೊಂದು ವರ್ಷ ಯಾರ್ಯಾರೋ ಜಗಿಯುವುದನ್ನು ಕೇಳಿದ್ದು ಹೊಟ್ಟೆಪಾಡಿಗೆ. ಇದು ಯಾವ ಕರ್ಮಕ್ಕೆ? ಜಗಳ ಆಡೋಣವೆಂದರೆ, ಈ ಬಾಯಿಗಳ ಜೊತೆ ಮಾತು ಬೆಳೆಸುವುದಕ್ಕೂ ಅವಳಿಗೆ ಅಸಹ್ಯವಾಯಿತು.

ಒಳಗೆ ಹೋಗಿ ಆಂಪ್ಲಿಫೈಯರ್ ಆರಿಸಿ, ಟೀವಿಯ ವೈರನ್ನು ಕಿತ್ತಳು. ಹಾಲಿಗೆ ಬಂದು ಬಲಗಡೆಯ ಸ್ಪೀಕರನ್ನು ಮಗುವಿನಂತೆ ಎದೆಗವುಚಿಕೊಂಡು ಒಯ್ದು ಅದರ ಜಾಗದಲ್ಲಿಟ್ಟಳು. ಆಮೇಲೆ ಮತ್ತೆ ಹೊರಗೆ ಬಂದಳು. ಈ ಸಲ ಕೈಯಲ್ಲಿ ಗಂಡನ ದಿಂಬಿತ್ತು. ಅದನ್ನು ಸ್ಪೀಕರಿದ್ದ ಜಾಗದಲ್ಲೇ, ಟೀವಿಯ ಪಕ್ಕ ಇಟ್ಟಳು.

"ಏನೇ ಇದು?" ಗಂಡ ಎದ್ದು ನಿಂತ.

"ಎರಡಿದ್ವಲ್ಲ, ಒಂದೇ ಕೋಣೇಲಿ ಎರಡು ಯಾಕೆ ದಂಡ ಅಂತ. ಜೋಡಿ ಬೇರೆ ಮಾಡಿದ್ರೂ ಏನೂ ಆಗಲ್ಲವಂತೆ, ನಿಮ್ಮ ತಮ್ಮನೇ ಹೇಳಿದ್ನಲ್ಲ."

ಮೈದುನ ಚಪ್ಪಲಿ ಹುಡುಕತೊಡಗಿದ.

ಅವಳು ಬಾಗಿಲು ಹಾಕಿ ಚಿಲಕ ಜಡಿದು, ಹಾಡು ಹಾಕಿ, ಅಳೆದಿಟ್ಟ ಜಾಗದಲ್ಲಿ ಕೂತಳು. ಹಾಡುವವಳು ಬಲಗಡೆಯಿಂದಲೂ ಎಡಗಡೆಯಿಂದಲೂ ಬಂದು ನಡುವೆ ಕೂತು ಉಸಿರೆಳೆದುಕೊಂಡಳು.

"ಏ, ಇವಳೇ," ಗಂಡ ಹೊರಗಿನಿಂದ ಬಾಗಿಲು ತಟ್ಟಿದ. "ದಿಂಬೇನೋ ಕೊಟ್ಟೆ. ಹೊದಿಕೆ?"

ಕೇಳಿಸಿತು, ಎರಡೂ ಕಿವಿಗೆ. ಅವಳು ಕೈಚಾಚಿ ಸದ್ದಿನ ಗುಂಡಿಯನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿದಳು.